ಕಟ್ಟೆಗೆ ಮೊದಲು ಕೋಡಿ

ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಪ್ಪ, ಉಬುಂಟು ಹಾಕ್ಕೊಂಡಿದೀನಿ. ಶನಿವಾರ ಎನ್‌ವಿಡಿಯಾ ಡ್ರೈವರ್ ಹಾಕ್ಬೇಕು. ಆದ್ರೆ ಕೈ ನಡುಗುತ್ತೆ. ಅಪ್ಪ ಈರುಳ್ಳಿ ದುಡ್ಡಲ್ಲಿ ಕೊಡಿಸಿದ ಲ್ಯಾಪ್‌ಟಾಪು, ನಾನೇ ಕೆಡಿಸಿಬಿಟ್ರೆ?"

ಈರುಳ್ಳಿ ದುಡ್ಡು ಅಂದರೆ ಏನು ಅಂತ ನನಗೆ ಗೊತ್ತು. ಹಿರಿಯೂರಿನ ಆ ಹೊಲದಲ್ಲಿ ನಿಮ್ಮಪ್ಪನ ಜೊತೆ ನಾನೂ ಕಳೆ ಕಿತ್ತವನು. ಬೆಳೆ ಬಂದ ವರ್ಷ ಬೆಲೆ ಇಲ್ಲ, ಬೆಲೆ ಬಂದ ವರ್ಷ ಮಳೆ ಹಿಡಿದು ಗೆಡ್ಡೆ ಕೊಳೆಯುತ್ತದೆ. ಅಂಥ ದುಡ್ಡಿನ ವಸ್ತುವಿನ ಮೇಲೆ ಕೈಯಿಡುವಾಗ ನಡುಗುವುದು ಸಹಜ. ನಡುಗದವರು ಮಾಡಿಕೊಂಡ ಅನಾಹುತಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಅದಕ್ಕೇ, ಫೋನಿನಲ್ಲಿ ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಬರೆದುಬಿಡೋಣ ಅಂತ ಬೆಳಗ್ಗೆಯೇ ಕೂತಿದ್ದೇನೆ. ಮೂವತ್ತು ವರ್ಷ ಚಿತ್ರದುರ್ಗದ ಕಂಪ್ಯೂಟರ್ ಲ್ಯಾಬುಗಳಲ್ಲಿ ಊರವರ ಮಕ್ಕಳಿಗೆ ಹೇಳಿದ್ದನ್ನು ಮನೆಮಗಳಿಗೆ ಹೇಳದೆ ಹೇಗಿರಲಿ?

ಮೊದಲು ಒಂದು ಹೆದರಿಕೆಯನ್ನು ಪಕ್ಕಕ್ಕಿಡು. ಡ್ರೈವರ್ ಅಂದರೆ ಗ್ರಾಫಿಕ್ಸ್ ಕಾರ್ಡಿಗೂ ಲಿನಕ್ಸಿನ ತಿರುಳಾದ ಕರ್ನಲ್‌ಗೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶ. ಅದು ಹೊಂದಿಕೊಳ್ಳದಿದ್ದರೆ ಪರದೆ ಕಪ್ಪಾಗುತ್ತದೆ. ಕಪ್ಪು ಪರದೆಯ ಹಿಂದೆ ಯಂತ್ರ ಜೀವಂತವಾಗೇ ಇರುತ್ತದೆ, ನಿನ್ನ ಫೈಲುಗಳು ಇದ್ದಲ್ಲೇ ಇರುತ್ತವೆ, ಕಾರ್ಡು ಸುಟ್ಟಿರುವುದಿಲ್ಲ. ಇಷ್ಟು ತಿಳಿಯದೆ ಎಷ್ಟೋ ಹುಡುಗರು ಅದನ್ನು ಅಂಗಡಿಗೆ ಹೊತ್ತೊಯ್ದು, ಬೇಡದ ರಿಪೇರಿಗೆ ದುಡ್ಡು ತೆತ್ತು, ಕೊನೆಗೆ "ಲಿನಕ್ಸು ನಮ್ಮಂಥ ಊರಿನವರಿಗಲ್ಲ" ಅಂತ ಕೈಬಿಟ್ಟಿದ್ದಾರೆ. ಹೋದ ದುಡ್ಡಿಗಿಂತ ಆ ಮಾತಿಗೆ ನನಗೆ ಹೆಚ್ಚು ಹೊಟ್ಟೆ ಉರಿಯುತ್ತದೆ. ಲೋಕದ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸಿನಲ್ಲೇ ಓಡುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೂರಿಸಿದ ಪರಮ್ ಪ್ರವೇಗದಲ್ಲೂ ಇದೇ ಲಿನಕ್ಸು, ಇದೇ ಎನ್‌ವಿಡಿಯಾ ಕಂಪನಿಯ ಕಾರ್ಡುಗಳು. ಅದೇ ಸಂಸ್ಥೆಯ ಇನ್ನೊಂದು ಕ್ಯಾಂಪಸ್ಸು ನಮ್ಮ ಜಿಲ್ಲೆಯ ಚಳ್ಳಕೆರೆ ಪಕ್ಕದ ಕುದಾಪುರದಲ್ಲಿದೆ. ನೀನು ಶನಿವಾರ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ಮಾಡುವ ಕೆಲಸವೂ ಅವರು ಮಾಡುವ ಕೆಲಸವೂ ಒಂದೇ ಜಾತಿಯವು, ಅಳತೆ ಮಾತ್ರ ಬೇರೆ.

ಇನ್ನು ನಿಜವಾಗಿ ಹೇಳಬೇಕಾದದ್ದು. ನಿಮ್ಮೂರಿನ ವಾಣಿವಿಲಾಸ ಸಾಗರವನ್ನೇ ತಗೋ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳಲೇ ಇಲ್ಲ. ನಾವು ಹುಟ್ಟಿ, ಬೆಳೆದು, ತಲೆ ನರೆಯುವವರೆಗೂ ಅದು ಒಣ ಕಲ್ಲಾಗಿಯೇ ಇತ್ತು. "ಇದ್ಯಾತಕ್ಕೆ ಬಿಟ್ಟವ್ರೆ?" ಅಂತ ಚಿಕ್ಕಂದಿನಲ್ಲಿ ನಮ್ಮಪ್ಪನನ್ನು ಕೇಳಿದ್ದೆ. "ತುಂಬಿದ ದಿನ ಗೊತ್ತಾಗುತ್ತೆ" ಅಂದಿದ್ದ. 2022ರ ಸೆಪ್ಟೆಂಬರಿನಲ್ಲಿ ತುಂಬಿತು. ನೀನೂ ಬಂದಿದ್ದೆಯಲ್ಲ, ತಾಲ್ಲೂಕಿಗೆ ತಾಲ್ಲೂಕೇ ಅಲ್ಲಿ ನೆರೆದಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಕೋಡಿ ಇಲ್ಲದ ಕೆರೆ ತುಂಬಿದರೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಕಟ್ಟಿದವರು ನೀರು ಯಾವಾಗ ತುಂಬುತ್ತದೆ ಅಂತ ಲೆಕ್ಕ ಹಾಕುತ್ತ ಕೂರಲಿಲ್ಲ, ಹೋಗಲು ದಾರಿ ಮೊದಲೇ ಬಿಟ್ಟರು. ನೀನೂ ಡ್ರೈವರ್ ಮುಟ್ಟುವ ಮೊದಲು ನಿನ್ನ ಕೋಡಿ ನೋಡಿಕೋ.

ಉಬುಂಟು ಹಾಕಿದ ಆ ಪೆನ್‌ಡ್ರೈವಿದೆಯಲ್ಲ, ಅದನ್ನು ಅಳಿಸಿ ಸಿನಿಮಾ ತುಂಬಿಕೊಳ್ಳಬೇಡ. ಬೀರುವಿನಲ್ಲಿಡು. ಒಳಗಿನ ವ್ಯವಸ್ಥೆ ಏಳದೇ ಹೋದರೂ ಅದರಿಂದ ಯಂತ್ರ ಏಳುತ್ತದೆ. ಆಮೇಲೆ ಟೈಮ್‌ಶಿಫ್ಟ್ ಅನ್ನುವ ಉಪಕರಣ ಹಾಕಿಕೋ. ಲಿನಕ್ಸಿನ ಇನ್ನೊಂದು ಬಗೆಯಾದ ಮಿಂಟ್‌ನಲ್ಲಿ ಅದು ಜೊತೆಗೇ ಬರುತ್ತದೆ, ಉಬುಂಟುವಿನಲ್ಲಿ ಉಬುಂಟುವಿನದೇ ತಂತ್ರಾಂಶ ಭಂಡಾರದಿಂದ ಇಳಿಸಿಕೊಳ್ಳಬೇಕು. ಇವತ್ತು ವ್ಯವಸ್ಥೆ ಹೇಗಿದೆಯೋ ಹಾಗೇ ಅದರ ಒಂದು ಪ್ರತಿ ತೆಗೆದಿಡುತ್ತದೆ. ನಾಳೆ ಕೆಟ್ಟರೆ ಇವತ್ತಿಗೆ ವಾಪಸ್ಸು ಬರಬಹುದು. ಆದರೆ ಒಂದು ಎಚ್ಚರ. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯ ಕಡತಗಳನ್ನು. ನಿನ್ನ ಹೋಮ್ ಫೋಲ್ಡರಿನ ಪ್ರಾಜೆಕ್ಟು, ಫೋಟೊಗಳನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಅವುಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ನೀನೇ ತೆಗೆದಿಡಬೇಕು. ಇಷ್ಟಕ್ಕೆ ಒಂದು ಸಂಜೆ ಹೋಗುತ್ತದೆ, ಹೋಗಲಿ.

ಇನ್ನೊಂದು ಕೋಡಿ ನಿನ್ನ ತಲೆಯಲ್ಲೇ ಇರಬೇಕಾದ್ದು. ಅದನ್ನು ಹೇಳುವುದಕ್ಕೆ ಹೊಸದುರ್ಗದ ಹುಡುಗನ ಕಥೆ ಹೇಳಬೇಕು.

ಅವನದು ಸಣ್ಣ ಸ್ಟುಡಿಯೊ. ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊ ಮಾಡುತ್ತಾನೆ. ತೆಂಗಿನ ತೋಟದ ಮಧ್ಯದ ಮನೆಯಲ್ಲೇ ಎಡಿಟಿಂಗು. ಒಂದು ರಾತ್ರಿ ಹತ್ತೂವರೆಗೆ ಫೋನು. ಮಾತೇ ಹೊರಡುತ್ತಿಲ್ಲ. ಬೆಳಗ್ಗೆ ಹೆಣ್ಣಿನ ಕಡೆಯವರಿಗೆ ವಿಡಿಯೊ ಕೊಡಬೇಕು, ಕಂಪ್ಯೂಟರ್ ಕಪ್ಪಾಗಿ ಕೂತಿದೆ. ಹಿಂದಿನಿಂದ ಅವರಮ್ಮನ ದನಿ: "ಏನಾತೋ, ಸುಟ್ಟೋಯ್ತಾ?"

ಕೇಳುತ್ತ ಹೋದ ಹಾಗೆ ಎಲ್ಲ ತಿಳಿಯಿತು. ಮೂರು ವಾರದ ಕೆಳಗೆ ಯಾವುದೋ ವಿಡಿಯೊ ನೋಡಿ, ಕಾರ್ಡು ತಯಾರಿಸುವ ಕಂಪನಿಯ ತಾಣಕ್ಕೇ ಹೋಗಿ, ಡಾಟ್ ರನ್ ಅಂತ ಕೊನೆಯಾಗುವ ಕಡತ ಇಳಿಸಿ ಹಾಕಿದ್ದಾನೆ. ಹಾಕಿದ ದಿನ ಚೆನ್ನಾಗೇ ಓಡಿದೆ. ಫೋನು ಬಂದ ದಿನದ ಸಂಜೆ ಉಬುಂಟು ತನ್ನ ಪಾಡಿಗೆ ಕರ್ನಲ್ ನವೀಕರಿಸಿದೆ. ಈ ಹುಡುಗ ಹಾಕಿದ ಡ್ರೈವರ್ ಹಳೆಯ ಕರ್ನಲ್‌ಗೆ ಹೊಲಿದ ಅಂಗಿ, ಹೊಸದಕ್ಕೆ ಹಿಡಿಯಲಿಲ್ಲ. ಅದು ಉಬುಂಟುವಿನ ಭಂಡಾರದಿಂದ ಬಂದದ್ದಲ್ಲವಾದ್ದರಿಂದ, ಮನೆಯಲ್ಲಿ ಅಂಥದ್ದೊಂದು ಇದೆ ಅಂತ ಉಬುಂಟುವಿಗೆ ತಿಳಿದೇ ಇಲ್ಲ. ಗೊತ್ತಿದ್ದರೆ ಹೊಸ ಅಳತೆಗೆ ತಾನೇ ಹೊಲಿಸುತ್ತಿತ್ತು. ಇಷ್ಟರ ಮೇಲೆ ಹುಡುಗ ಗಾಬರಿಯಲ್ಲಿ ಇನ್ಯಾವುದೋ ವಿಡಿಯೊ ನೋಡಿ ಡ್ರೈವರನ್ನು ಅರ್ಧ ಕಿತ್ತುಹಾಕಿದ್ದ. ಹಾಗಾಗಿ ಹಳೆಯ ಕರ್ನಲ್‌ನಲ್ಲೂ ಪರದೆ ಬರಲಿಲ್ಲ.

"ಈಗ ನಾನು ಹೇಳಿದ್ದು ಬಿಟ್ಟು ಒಂದು ಗುಂಡಿನೂ ಒತ್ಬೇಡ" ಅಂದೆ. ಯಂತ್ರ ಆರಿಸಿ ಮತ್ತೆ ಹಾಕಿಸಿದೆ. ಶುರುವಾಗುವಾಗಲೇ ಎಸ್ಕೇಪ್ ಗುಂಡಿ ಒತ್ತಿಸಿದೆ. ಹಳೆಯ ಬಯಾಸ್ ಯಂತ್ರವಾಗಿದ್ದರೆ ಶಿಫ್ಟ್ ಹಿಡಿಯಬೇಕು. ಯಾವ ಕರ್ನಲ್‌ನಿಂದ ಏಳಬೇಕು ಅಂತ ಕೇಳುವ ಗ್ರಬ್ ಪಟ್ಟಿ ಬಂತು. ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿಸಿದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ ಕಂಡು ಹುಡುಗ ಮತ್ತೆ ಹೆದರಿದ. "ಲಿನಕ್ಸ್ ಅಂತ ಶುರುವಾಗೋ ಸಾಲು ಹುಡುಕು. ಅದರ ಕೊನೇಲಿ ಕ್ವಯಟ್ ಸ್ಪ್ಲ್ಯಾಶ್ ಅಂತಿದೆಯಾ?" ಇತ್ತು. "ಅದರ ಮುಂದೆ ಒಂದು ಜಾಗ ಬಿಡು. ಈಗ ಒಂಬತ್ತು ಅಕ್ಷರ ಹೇಳ್ತೀನಿ, ಎಲ್ಲಾ ಸಣ್ಣಕ್ಷರ, ನಡುವೆ ಜಾಗ ಬೇಡ. ಎನ್. ಓ. ಎಂ. ಓ. ಡಿ. ಇ. ಎಸ್. ಇ. ಟಿ." ಒಂದೊಂದನ್ನೂ ಅವನು ತಿರುಗಿ ಹೇಳಿದ. ಎಂ ಮತ್ತು ಎನ್ ಫೋನಿನಲ್ಲಿ ಒಂದೇ ಹಾಗೆ ಕೇಳಿಸುತ್ತವೆ. "ಮೈಸೂರಿನ ಎಂ, ನಾಯಕನಹಟ್ಟಿಯ ಎನ್" ಅಂತ ಬಿಡಿಸಿ ಹೇಳಬೇಕಾಯಿತು. ಆಮೇಲೆ ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ.

ಮೂವತ್ತು ಸೆಕೆಂಡು ಇಬ್ಬರೂ ಮಾತಾಡಲಿಲ್ಲ. "ಬಂತು ಸಾರ್!" ಅಂದ. ಹಿಂದೆ ಅವರಮ್ಮ ದೇವರ ಹೆಸರು ಹೇಳಿದ್ದು ನನಗೂ ಕೇಳಿಸಿತು.

ನೋಮೋಡ್‌ಸೆಟ್ ಅನ್ನುವ ಆ ಪದ ಕರ್ನಲ್‌ಗೆ ಹೇಳುವುದಿಷ್ಟು: ಸದ್ಯಕ್ಕೆ ಗ್ರಾಫಿಕ್ಸ್ ಡ್ರೈವರುಗಳ ಗೊಡವೆಗೆ ಹೋಗಬೇಡ, ಸಾಧಾರಣ ಚಿತ್ರವೊಂದನ್ನು ತೋರಿಸಿ ನನ್ನನ್ನು ಒಳಗೆ ಬಿಡು. ಅಕ್ಷರಗಳು ದೊಡ್ಡದಾಗಿ ಕಾಣಬಹುದು, ಎಲ್ಲ ನಿಧಾನವಾಗಬಹುದು. ಅದು ಆ ಒಂದು ಸಲಕ್ಕೆ ಮಾತ್ರ, ಮುಂದಿನ ಸಲ ತಾನಾಗೇ ಹೋಗಿರುತ್ತದೆ. ಒಳಗೆ ಹೋದ ಮೇಲೆ ಸರಿಪಡಿಸುವುದು ಹಗಲಿನ ಕೆಲಸ. ಅವನ ಕೈಯಲ್ಲಿ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್ ಅನ್ನುವ ಆದೇಶ ಕೊಡಿಸಿ, ಕಂಪನಿ ಕಡತದಿಂದ ಬಂದದ್ದನ್ನು ಪೂರ್ತಿ ತೆಗೆಸಿ, ಉಬುಂಟುವಿನ ಭಂಡಾರದಿಂದಲೇ ಹೊಸದಾಗಿ ಹಾಕಿಸಿದೆ. ರಾತ್ರಿ ಒಂದು ಗಂಟೆ. ಬೆಳಗ್ಗೆ ವಿಡಿಯೊ ಹೋಯಿತು.

ಆ ಒಂಬತ್ತು ಅಕ್ಷರಗಳನ್ನು ನೀನು ಇವತ್ತೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೋ. ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಬೇಕಾದ ದಿನ ಓದಲಿಕ್ಕಾಗುವುದಿಲ್ಲ. ಶನಿವಾರದ ಮೊದಲು ಒಮ್ಮೆ, ಎಲ್ಲ ಸರಿಯಿರುವಾಗಲೇ, ಗ್ರಬ್ ಪಟ್ಟಿಗೆ ಹೋಗಿ ಅದನ್ನು ಸೇರಿಸಿ ಒಳಗೆ ಬಂದು ನೋಡು. ಈಜು ಕಲಿಯುವುದು ಬಾವಿಗೆ ಬಿದ್ದ ಮೇಲಲ್ಲ.

ಇನ್ನು ಕಾರ್ಡಿನ ಗುರುತು. ಟರ್ಮಿನಲ್ ತೆಗೆದು ಎಲ್, ಎಸ್, ಪಿ, ಸಿ, ಐ ಅನ್ನುವ ಐದು ಸಣ್ಣಕ್ಷರ ಒತ್ತಿ ಎಂಟರ್ ಕೊಡು. ಉದ್ದದ ಪಟ್ಟಿಯೊಳಗೆ ವಿಜಿಎ ಅಂತಲೋ 3ಡಿ ಕಂಟ್ರೋಲರ್ ಅಂತಲೋ ಇರುವ ಸಾಲುಗಳನ್ನು ನೋಡು. ನಿನ್ನದರಲ್ಲಿ ಎರಡು ಸಿಗುತ್ತವೆ, ಒಂದು ಇಂಟೆಲ್, ಇನ್ನೊಂದು ಎನ್‌ವಿಡಿಯಾ ಆರ್‌ಟಿಎಕ್ಸ್ 3050. ಪೆಟ್ಟಿಗೆಯ ಮೇಲಿನ ಚೀಟಿ ನಂಬಬೇಡ, ಯಂತ್ರ ಹೇಳಿದ್ದನ್ನು ಬರೆದುಕೋ.

ಯಾಕೆಂದರೆ ಎಲ್ಲರಿಗೂ ಈ ಕೆಲಸವೇ ಬೇಕಾಗಿಲ್ಲ. ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರದವರ ಮನೆಯ ಹುಡುಗನೊಬ್ಬ ಒಂದು ವಾರ ನಿದ್ದೆಗೆಟ್ಟು "ಡ್ರೈವರ್ ಸಿಗ್ತಾ ಇಲ್ಲ" ಅಂತ ಒದ್ದಾಡುತ್ತಿದ್ದ. ಹೋಗಿ ನೋಡಿದರೆ ಅವನದು ಎಎಂಡಿ ಕಾರ್ಡು. ಎಎಂಡಿಗೂ ಇಂಟೆಲ್‌ಗೂ ಬೇಕಾದ ಡ್ರೈವರ್ ಕರ್ನಲ್‌ನೊಳಗೇ ಇದೆ, ಮೊದಲ ದಿನದಿಂದಲೇ ಓಡುತ್ತಿತ್ತು. ಇಲ್ಲದ ರೋಗಕ್ಕೆ ಅವನು ಔಷಧಿ ಹುಡುಕುತ್ತಿದ್ದ. ಅದನ್ನು ಹೇಳಿದಾಗ ಅವನ ಮುಖದಲ್ಲಿ ಬಂದ ನಿರಾಳ ನೋಡಬೇಕಿತ್ತು.

ಹಾಗೇ, ನಿನ್ನ ಗೆಳತಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್‌ಹ್ಯಾಂಡ್ ಜಿಟಿ 710 ತಂದಿದ್ದಾಳೆ ಅಂದೆಯಲ್ಲ, ಅವಳಿಗೆ ಹೇಳು, ನಿನ್ನನ್ನು ನೋಡಿಕೊಂಡು ಹಾಕಬಾರದು. ಎನ್‌ವಿಡಿಯಾ ಕಂಪನಿ ಹಳೆಯ ಕಾರ್ಡುಗಳನ್ನು ಸರಣಿ ಸರಣಿಯಾಗಿ ಕೈಬಿಡುತ್ತ ಬಂದಿದೆ. ತೀರ ಹಳೆಯ ಜಿಫೋರ್ಸ್ 210ರಂಥವಕ್ಕಿದ್ದ 340ನೇ ಸರಣಿಯ ಡ್ರೈವರ್ 2019ಕ್ಕೆ ನಿಂತಿತು. 400, 500ರ ಪೀಳಿಗೆಯ 390ನೇ ಸರಣಿ 2022ಕ್ಕೆ. ಜಿಟಿ 710ಕ್ಕೆ ಬೇಕಾದ 470ನೇ ಸರಣಿ 2024ಕ್ಕೆ. ಜಿಟಿಎಕ್ಸ್ 1050, 1060ರಂಥ ಕಾರ್ಡುಗಳಿಗೆ 580ನೇ ಸರಣಿಯೇ ಕೊನೆಯದು ಅಂತಲೂ ಹೇಳಿಯಾಗಿದೆ. ನಿಂತ ಡ್ರೈವರನ್ನು ಹೊಸ ಕರ್ನಲ್‌ಗೆ ಜೋತುಹಾಕುವುದು ಕಲಿಯುವವರ ಕೆಲಸವಲ್ಲ. ಅವಳು ನೂವೋದಲ್ಲೇ ಇರಲಿ.

ನೂವೋ ಅಂದರೆ ಏನು ಅಂತ ಕೇಳುತ್ತೀಯ. ಎನ್‌ವಿಡಿಯಾ ತನ್ನ ಕಾರ್ಡಿನ ಒಳಗುಟ್ಟನ್ನು ಬಿಟ್ಟುಕೊಡದಿದ್ದಾಗ, ಕಾರ್ಡು ಹೇಗೆ ವರ್ತಿಸುತ್ತದೆ ಅಂತ ಹೊರಗಿನಿಂದ ನೋಡಿ ನೋಡಿ ಸ್ವಯಂಸೇವಕರು ಬರೆದ ಮುಕ್ತ ಡ್ರೈವರು ಅದು. ಫ್ರೆಂಚಿನಲ್ಲಿ ಹೊಸದು ಅಂತ ಅರ್ಥ. ನಿನ್ನ ಎನ್‌ವಿಡಿಯಾ ಕಾರ್ಡನ್ನು ಈ ಹೊತ್ತು ನೋಡಿಕೊಳ್ಳುತ್ತಿರುವುದೂ ಅದೇ. ಅವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ 2014ರ 900 ಸರಣಿಯಿಂದ ಈಚೆಗೆ ಕಂಪನಿಯ ಸಹಿ ಇಲ್ಲದ ಫರ್ಮ್‌ವೇರನ್ನು ಕಾರ್ಡು ಒಪ್ಪುತ್ತಿರಲಿಲ್ಲ, ಹಾಗಾಗಿ ನೂವೋ ಅದರ ವೇಗ ಏರಿಸಲಾರದೆ ಕೂತಿತು. ಒಳ್ಳೆಯ ಟ್ರ್ಯಾಕ್ಟರು, ಒಂದನೇ ಗೇರಿನಲ್ಲೇ ಉಳುತ್ತಿದ್ದ ಹಾಗೆ. ಈಚಿನ ಕರ್ನಲ್‌ಗಳಲ್ಲಿ ಹೊಸ ಕಾರ್ಡುಗಳಿಗೆ ಇದು ಸುಧಾರಿಸುತ್ತಿದೆ. ಆದರೂ ನಿನ್ನ ಪ್ರಾಜೆಕ್ಟಿನ ಪೈಟಾರ್ಚ್‌ಗೆ ಬೇಕಾದ, ಕಾರ್ಡಿನಲ್ಲೇ ಲೆಕ್ಕ ಮಾಡಿಸುವ ಎನ್‌ವಿಡಿಯಾದ ಕ್ಯೂಡಾ ನೂವೋದಲ್ಲಿ ಸಿಗುವುದಿಲ್ಲ. ಬ್ಲೆಂಡರಿನ ಸೈಕಲ್ಸ್ ಅನ್ನುವ ಭಾಗ ಆ ಕಾರ್ಡಿನಲ್ಲಿ ಚಿತ್ರ ರೆಂಡರ್ ಮಾಡುವುದಕ್ಕೂ ಕ್ಯೂಡಾ ಬೇಕು. ಅದಕ್ಕೇ ನಿನಗೆ ಕಂಪನಿಯ ಡ್ರೈವರ್ ಬೇಕಾಗಿರುವುದು.

ಹಾಕುವ ಕೆಲಸ ಮಾತ್ರ ಇಷ್ಟುದ್ದ ಇಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಚುಚ್ಚಿಕೊಂಡೇ ಕೂರು. ಬಾಕಿ ಇರುವ ನವೀಕರಣಗಳನ್ನೆಲ್ಲ ಮುಗಿಸಿ ಒಮ್ಮೆ ಆರಿಸಿ ಹಾಕು. ಟೈಮ್‌ಶಿಫ್ಟಿನಲ್ಲಿ ಪ್ರತಿ ತೆಗೆ. ಆಮೇಲೆ ಅಡಿಷನಲ್ ಡ್ರೈವರ್ಸ್ ಅನ್ನುವ ಕಿಟಕಿ ತೆರೆ, ಮಿಂಟ್‌ನವರಿಗೆ ಅದೇ ಡ್ರೈವರ್ ಮ್ಯಾನೇಜರ್. ಅದು ಕಾರ್ಡನ್ನು ತಾನೇ ಗುರುತಿಸಿ ಮೂರು ನಾಲ್ಕು ಆಯ್ಕೆ ತೋರಿಸುತ್ತದೆ. ದೊಡ್ಡ ಅಂಕಿಗೆ ಆಸೆಪಡಬೇಡ. ಪರೀಕ್ಷಿಸಿದ್ದು ಅಂತ ಪಕ್ಕದಲ್ಲಿ ಬರೆದಿರುತ್ತದೆ ನೋಡು, ಟೆಸ್ಟೆಡ್ ಅಂತ, ಅದನ್ನು ಆರಿಸು. ಸರ್ವರ್ ಅಂತ ಇರುವುದು ನಿನಗಲ್ಲ. ನೂರಾರು ಎಂಬಿ ಇಳಿಯಬೇಕು, ನಿಮ್ಮಲ್ಲಿ ನೆಟ್ಟು ನಿಧಾನ, ಪಟ್ಟಿ ಮುಂದೆ ಹೋಗುತ್ತಿಲ್ಲ ಅಂತ ಮುಚ್ಚಬೇಡ. ಒಂದು ವೇಳೆ ಮಧ್ಯದಲ್ಲಿ ನಿಂತೇ ಹೋದರೆ, ಟರ್ಮಿನಲ್‌ನಲ್ಲಿ ಸುಡೊ, ಡಿಪಿಕೆಜಿ, ಆಮೇಲೆ ಎರಡು ಅಡ್ಡಗೀಟಿಗೆ ಅಂಟಿಸಿ ಕಾನ್ಫಿಗರ್, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೀಟು ಎ. ಅರ್ಧ ಆದದ್ದನ್ನು ಅದು ಪೂರ್ತಿ ಮಾಡುತ್ತದೆ.

  

ನಡುವೆ ನಿನ್ನನ್ನು ಒಂದು ಪಾಸ್‌ವರ್ಡ್ ಕೇಳಿದರೆ ಗಮನ ಕೊಟ್ಟು ಓದು. ಹೊಸ ಲ್ಯಾಪ್‌ಟಾಪುಗಳಲ್ಲಿ ಸೆಕ್ಯೂರ್ ಬೂಟ್ ಅನ್ನುವ ಕಾವಲಿದೆ. ಗುರುತಿನ ಸಹಿ ಇಲ್ಲದ ಯಾವ ಡ್ರೈವರನ್ನೂ ಅದು ಕರ್ನಲ್‌ನೊಳಗೆ ಬಿಡುವುದಿಲ್ಲ. ಉಬುಂಟು ಸಹಿ ಹಾಕಿಯೇ ಕಳಿಸಿದ ಡ್ರೈವರಾದರೆ ಏನೂ ಕೇಳದೆ ಒಳಗೆ ಹೋಗುತ್ತದೆ. ನಿನ್ನ ಯಂತ್ರದಲ್ಲೇ ಕಟ್ಟಿದ ಡ್ರೈವರಾದರೆ ಸಹಿಯೂ ನಿನ್ನ ಯಂತ್ರದ್ದೇ, ಆ ಸಹಿಯನ್ನು ಕಾವಲಿನವರಿಗೆ ನೀನು ಒಮ್ಮೆ ಪರಿಚಯ ಮಾಡಿಸಬೇಕು. ಪಾಸ್‌ವರ್ಡ್ ಅದಕ್ಕೆ. ಎಂಟು ಅಂಕಿ ಇಟ್ಟುಕೋ, ನೋಟ್‌ಬುಕ್ಕಿನಲ್ಲಿ ಬರೆ. ಆರಿಸಿ ಹಾಕಿದಾಗ ನೀಲಿ ಪರದೆಯೊಂದು ಬರುತ್ತದೆ. ಅದು ಅಪಾಯದ ಸೂಚನೆ ಅಂದುಕೊಂಡು ಸುಮ್ಮನೆ ಕೂತರೆ ಹತ್ತು ಸೆಕೆಂಡಿಗೆ ತಾನೇ ಹೋಗಿಬಿಡುತ್ತದೆ. ಡ್ರೈವರ್ ಹಾಕಿದ್ದೂ ದಂಡ. ಯಾವುದಾದರೂ ಗುಂಡಿ ಒತ್ತು, ಎನ್‌ರೋಲ್ ಎಂಓಕೆ ಅನ್ನುವುದನ್ನು ಆರಿಸು, ಕಂಟಿನ್ಯೂ, ಯೆಸ್, ಆ ಎಂಟು ಅಂಕಿ, ಆಮೇಲೆ ರೀಬೂಟ್. "ಸೆಕ್ಯೂರ್ ಬೂಟ್ ಆಫ್ ಮಾಡ್ಬಿಡು, ತಲೆನೋವಿಲ್ಲ" ಅನ್ನುವವರು ಸಿಗುತ್ತಾರೆ. ಎರಡು ನಿಮಿಷದ ತಲೆನೋವಿಗೆ ಕಾವಲಿನವರನ್ನೇ ಮನೆಗೆ ಕಳಿಸಬೇಡ.

ಒಳಗೆ ಬಂದ ಮೇಲೆ ಟರ್ಮಿನಲ್‌ನಲ್ಲಿ ಎನ್‌ವಿಡಿಯಾ, ಅಡ್ಡಗೀಟು, ಎಸ್‌ಎಂಐ. ಕಾರ್ಡಿನ ಹೆಸರು, ಬಿಸಿ, ನೆನಪಿನ ಲೆಕ್ಕ ಇರುವ ಕೋಷ್ಟಕ ಬಂದರೆ ಕೆಲಸ ಆಯಿತು. ಮೇಲ್ಗಡೆ ಕ್ಯೂಡಾ ಅಂತ ಒಂದು ಅಂಕಿ ಕಾಣುತ್ತದೆ. ಅದು ಈ ಡ್ರೈವರ್ ಎಲ್ಲಿಯವರೆಗಿನ ಕ್ಯೂಡಾವನ್ನು ಹೊರಬಲ್ಲದು ಅನ್ನುವ ಮಿತಿ, ಕ್ಯೂಡಾ ಉಪಕರಣಗಳು ನಿನ್ನಲ್ಲಿವೆ ಅಂತ ಅರ್ಥವಲ್ಲ. ಇದನ್ನು ತಪ್ಪು ತಿಳಿದು ಎರಡು ದಿನ ಕಳೆದವರನ್ನು ಕಂಡಿದ್ದೇನೆ. ಎರಡು ಕಾರ್ಡಿನ ಲ್ಯಾಪ್‌ಟಾಪಿನಲ್ಲಿ ಪ್ರೈಮ್-ಸೆಲೆಕ್ಟ್ ಅನ್ನುವ ಆದೇಶ ಇರುತ್ತದೆ, ಅದನ್ನು ಆನ್-ಡಿಮಾಂಡ್‌ನಲ್ಲಿ ಬಿಡು. ಓದು ಬರಹಕ್ಕೆ ಇಂಟೆಲ್, ಭಾರದ ಕೆಲಸಕ್ಕೆ ಎನ್‌ವಿಡಿಯಾ. ಬ್ಯಾಟರಿ ಉಳಿಯುತ್ತದೆ, ಬಸ್ಸಿನಲ್ಲಿ ಹಿರಿಯೂರಿನಿಂದ ದುರ್ಗಕ್ಕೆ ಬರುವಾಗ ಉಪಯೋಗಕ್ಕೆ ಬರುತ್ತದೆ.

ಡ್ರೈವರ್ ಕೂತ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಹೊಸದುರ್ಗದ ಹುಡುಗ ಇಷ್ಟೆಲ್ಲ ಆದ ಮೇಲೆ ಡವಿಂಚಿ ರಿಸಾಲ್ವ್ ಹಾಕಿದ, ಕ್ಯಾಮೆರಾದ ಎಂಪಿ4 ಫೈಲುಗಳು ತೆರೆಯಲೇ ಇಲ್ಲ. ಲಿನಕ್ಸಿನ ಉಚಿತ ಆವೃತ್ತಿ ಎಚ್.264 ಓದುವುದಿಲ್ಲ. ಅದು ಡ್ರೈವರಿನ ದೋಷವಲ್ಲ ಅಂತ ನಂಬಿಸುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಈಗ ಕೆಡೆನ್‌ಲೈವ್‌ನಲ್ಲಿ ಮದುವೆಗಳನ್ನು ಕತ್ತರಿಸುತ್ತಿದ್ದಾನೆ.

ಮುಂದೊಂದು ದಿನ ಕರ್ನಲ್ ಬದಲಾದಾಗ ನಿನಗೂ ಪರದೆ ಕಪ್ಪಾಗಬಹುದು. ಭಂಡಾರದಿಂದ ಹಾಕಿದವರಿಗೆ ಇದು ಅಪರೂಪ, ಯಾಕೆಂದರೆ ಹೊಸ ಕರ್ನಲ್‌ಗೆ ಹೊಂದುವ ಡ್ರೈವರನ್ನು ಉಬುಂಟು ಜೊತೆಗೇ ತರುತ್ತದೆ, ಇಲ್ಲವೇ ಡಿಕೆಎಂಎಸ್ ಅನ್ನುವ ಏರ್ಪಾಡು ನಿನ್ನ ಯಂತ್ರದಲ್ಲೇ ಕಟ್ಟುತ್ತದೆ. ಆದರೂ ಆದರೆ, ಗ್ರಬ್ ಪಟ್ಟಿಯ ಅಡ್ವಾನ್ಸ್‌ಡ್ ಆಪ್ಷನ್ಸ್‌ನೊಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದರಿಂದ ಒಳಗೆ ಬಾ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಬರೀ ಅಕ್ಷರದ ಪರದೆಗೂ ಹೋಗಬಹುದು. ಅಲ್ಲಿ ನೀನು ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳು ಚೌಕ ಚೌಕವಾಗಿ ಕಾಣುತ್ತವೆ. ಆ ಪರದೆಗೆ ಕನ್ನಡದ ಅಕ್ಷರಗಳನ್ನು ತೋರಿಸಲು ಬರುವುದಿಲ್ಲ, ಹೆಸರು ಅಳಿಸಿಹೋಗಿಲ್ಲ. ಡೆಸ್ಕ್‌ಟಾಪ್ ಬಂದ ಮೇಲೆ ಅಕ್ಷರಗಳು ಅಕ್ಷರಗಳಾಗೇ ಇರುತ್ತವೆ.

ಆ ನೋಟ್‌ಬುಕ್ಕು ಬಿಡಬೇಡ. ನನ್ನದು ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ತಾರೀಖು, ಕಾರ್ಡು, ಡ್ರೈವರಿನ ಅಂಕಿ, ಕರ್ನಲ್ಲಿನ ಅಂಕಿ, ಮಾಡಿದ್ದೇನು, ಆದದ್ದೇನು. ಯಾರನ್ನಾದರೂ ಸಹಾಯ ಕೇಳುವಾಗ ಆ ಸಾಲನ್ನೇ ಓದಿ ಹೇಳಿದರೆ ಸಾಕು. "ಏನೋ ಮಾಡ್ದೆ, ಏನೋ ಆಯ್ತು" ಅನ್ನುವವರಿಗೆ ದೇವರೂ ಸಹಾಯ ಮಾಡಲಾರ. ಅಪರಿಚಿತರು ಕೊಟ್ಟ, ಸುಡೊ ಅಂತ ಶುರುವಾಗುವ ಸಾಲನ್ನು ಅರ್ಥ ತಿಳಿಯದೆ ಅಂಟಿಸಬೇಡ. ಸುಡೊ ಅಂದರೆ ಮನೆಯ ಬೀಗದ ಕೈ.

ಆ ಪುಸ್ತಕ ನಾನು ಶುರುಮಾಡಿದ್ದಕ್ಕೆ ಕಾರಣ ಒಂದು ಮಧ್ಯಾಹ್ನ. ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರು. ಒಂದರಲ್ಲಿ ಹಾಕಿ ಒಂದು ರಾತ್ರಿ ಬಿಟ್ಟು ನೋಡುವ ತಾಳ್ಮೆ ನನಗಿರಲಿಲ್ಲ. ಎಲ್ಲದಕ್ಕೂ ಒಟ್ಟಿಗೆ ಹೊಸ ಡ್ರೈವರ್ ಹಾಕಿದೆ. ಮರುದಿನ ಪ್ರಾಯೋಗಿಕ ಪರೀಕ್ಷೆ. ಬೆಳಗ್ಗೆ ಇಪ್ಪತ್ತೂ ಕಪ್ಪು. ಹೊರಗೆ ವರಾಂಡದಲ್ಲಿ ಹಾಲ್ ಟಿಕೆಟ್ ಹಿಡಿದು ನಿಂತ ಮಕ್ಕಳು, ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದವರು. ಒಬ್ಬ ಹುಡುಗಿ ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಿದ್ದಳು. ಪರೀಕ್ಷೆ ಮಧ್ಯಾಹ್ನಕ್ಕೆ ಹೋಯಿತು. ತಪ್ಪು ಪೂರ್ತಿ ನನ್ನದು. ಆ ಮುಖ ಇನ್ನೂ ಮರೆತಿಲ್ಲ. ಅವತ್ತಿನಿಂದ ಒಂದು ಸಲಕ್ಕೆ ಒಂದೇ ಬದಲಾವಣೆ, ಮೊದಲು ಒಂದೇ ಯಂತ್ರದಲ್ಲಿ.

ಕೊನೆಗೆ ನೀನು ತಡೆದು ತಡೆದು ಕೇಳಿದ್ದಕ್ಕೆ ಬರುತ್ತೇನೆ. "ಮುಕ್ತ ತಂತ್ರಾಂಶ ಅಂತ ಲಿನಕ್ಸ್ ಹಾಕಿ, ಅದರೊಳಗೆ ಮುಚ್ಚಿದ ಡ್ರೈವರ್ ಹಾಕೋದು ಸರೀನಾ?" ಒಳ್ಳೆಯ ಪ್ರಶ್ನೆ. ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದರ ಹಿಂದೆಯೂ ಒಂದು ಮುಚ್ಚಿದ ಡ್ರೈವರೇ ಇದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಪ್ರಯೋಗಾಲಯಕ್ಕೆ ಬಂದ ಝೆರಾಕ್ಸ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ತಂತ್ರಾಂಶ ತಿದ್ದಿ ಸರಿಮಾಡೋಣ ಅಂದರೆ ಮೂಲ ಸಂಕೇತ ಕೊಡಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಸಾರಿದರು. 2012ರಲ್ಲಿ ಫಿನ್‌ಲ್ಯಾಂಡಿನ ಸಭೆಯೊಂದರಲ್ಲಿ ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ ಎನ್‌ವಿಡಿಯಾ ಕಂಪನಿಯನ್ನು ಎಲ್ಲರೆದುರು ಕಟುವಾಗಿ ಬೈದರು. ಹತ್ತು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಕಂಪನಿ ಡ್ರೈವರಿನ ಕರ್ನಲ್ ಭಾಗದ ಮೂಲವನ್ನು ಬಹಿರಂಗ ಮಾಡಿತು. 2024ರಿಂದ ಹೊಸ ಕಾರ್ಡುಗಳಿಗೆ ಆ ಮುಕ್ತ ಭಾಗವನ್ನೇ ಮುಂದೊಡ್ಡುತ್ತಿದೆ. ನಿನ್ನ 3050ಕ್ಕೂ ಅದು ಆಗುತ್ತದೆ, ಆಯ್ಕೆಗಳ ಪಟ್ಟಿಯಲ್ಲಿ ಓಪನ್ ಅಂತ ಕಾಣುವುದು ಅದೇ. ಆದರೆ ಅದರ ಮೇಲೆ ಕೂರುವ ಭಾಗ, ಕ್ಯೂಡಾ ಸೇರಿ, ಇನ್ನೂ ಮುಚ್ಚಿಯೇ ಇದೆ.

ಓದಿಗೆ ಬೇಕು, ಹಾಕಿಕೋ. ಅದರಲ್ಲಿ ಅಪರಾಧ ಕಾಣಬೇಡ. ಏನನ್ನು ಒಪ್ಪಿಕೊಳ್ಳುತ್ತಿದ್ದೀಯ ಅನ್ನುವುದು ಮಾತ್ರ ತಿಳಿದಿರಲಿ. ಕಂಪನಿ ಸಾಕು ಅಂದ ವರ್ಷ, ಏನೂ ಆಗದ ಗಟ್ಟಿ ಕಾರ್ಡೂ ಮೂಲೆ ಸೇರುತ್ತದೆ, ನಿನ್ನ ಗೆಳತಿಯ 710ರ ಹಾಗೆ. ಡ್ರೈವರಿನ ತೀರ್ಮಾನ ನಿಜವಾಗಿ ಆಗುವುದು ಅಂಗಡಿಯಲ್ಲಿ ದುಡ್ಡು ಎಣಿಸುವ ದಿನ. ಮುಂದಿನ ಯಂತ್ರ ಕೊಳ್ಳುವಾಗ, ಕ್ಯೂಡಾ ಬೇಕೇ ಬೇಕು ಅಂತಿಲ್ಲದಿದ್ದರೆ, ಕರ್ನಲ್‌ನೊಳಗೇ ಮುಕ್ತ ಡ್ರೈವರ್ ಇರುವ ಕಾರ್ಡು ತಗೋ. ಈರುಳ್ಳಿ ದುಡ್ಡು ಹೆಚ್ಚು ವರ್ಷ ಬಾಳುತ್ತದೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ಶುರುಮಾಡು, ರಾತ್ರಿ ಕೂರಬೇಡ. ನಾನು ಮನೆಯಲ್ಲೇ ಇರುತ್ತೇನೆ, ಫೋನು ಪಕ್ಕದಲ್ಲೇ ಇರುತ್ತದೆ. ನೀಲಿ ಪರದೆ ಬಂದಾಗ ಮಾತ್ರ ನನಗೆ ಫೋನ್ ಮಾಡಲು ಹೋಗಬೇಡ, ಅಷ್ಟು ಹೊತ್ತು ಅದು ಕಾಯುವುದಿಲ್ಲ, ಮೊದಲು ಗುಂಡಿ ಒತ್ತು. ಎಸ್‌ಎಂಐ ಕೋಷ್ಟಕ ಬಂದ ಮೇಲೆ ಹೊಲದಿಂದ ಅಪ್ಪ ಬರುವವರೆಗೆ ಆ ಕಿಟಕಿ ಮುಚ್ಚದೆ ಇಡು. ಅವನು ಕೈಕಾಲು ತೊಳೆದು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, ಕಾರ್ಡಿನ ಹೆಸರಿರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸು.